ಪಂಪು ಸುಟ್ಟದ್ದು ಬೋರ್ಡಿನಿಂದಲ್ಲ, ಜೋಡಣೆಯಿಂದ

ಕಳೆದ ಬೇಸಿಗೆಯಲ್ಲಿ, ಅಡಿಕೆ ತೋಟಕ್ಕೆ ನೀರು ತೀರ ಅಗತ್ಯವಿದ್ದ ದಿನಗಳಲ್ಲೇ ನಮ್ಮ ಪಂಪಿನ ಕಾಯಿಲು ಸುಟ್ಟುಹೋಯಿತು. ತೊಟ್ಟಿ ತುಂಬಿದೊಡನೆ ಪಂಪು ತಾನಾಗಿಯೇ ನಿಲ್ಲಲೆಂದು ಮನೆಯ ಹುಡುಗ ಒಂದು ಸರ್ಕಿಟ್ ಬೋರ್ಡು ಮಾಡಿಕೊಟ್ಟಿದ್ದ. ಬಿಚ್ಚಿ ನೋಡಿದರೆ ಬೋರ್ಡು ಸರಿಯಾಗಿಯೇ ಇತ್ತು. ತೊಟ್ಟಿಯ ಫ್ಲೋಟ್ ಸ್ವಿಚ್ಚಿನಿಂದ ಬಂದ ತಂತಿಯನ್ನು ನಾವು ಪಿನ್ನಿಗೆ ಸುತ್ತಿ ಟೇಪು ಅಂಟಿಸಿದ್ದೆವು, ಅದು ಸಡಿಲಗೊಂಡಿತ್ತು. ತೊಟ್ಟಿ ತುಂಬಿದ ಸುದ್ದಿ ಬೋರ್ಡಿಗೆ ಮುಟ್ಟಲಿಲ್ಲ. ರಾತ್ರಿಯಿಡೀ ಓಡಿದ ಪಂಪು ಬಾವಿಯನ್ನು ಬತ್ತಿಸಿ, ನೀರಿಲ್ಲದೆ ತಿರುಗಿ ಸುಟ್ಟಿತು.

ಸದಸ್ಯ ಬಾಂಧವರ ಮನೆಗಳಲ್ಲಿ ಇಂತಹ ಹವ್ಯಾಸವುಳ್ಳ ಮಕ್ಕಳಿರಬಹುದು. ಕನೆಕ್ಟರು ಸಿಗಲಿಲ್ಲವೆಂದು ತಂತಿ ಸುತ್ತುವ ಬದಲು ಹೀಗೆ ಮಾಡಬಹುದು.

ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಹಾಕುತ್ತಿದ್ದ ಚಪ್ಪಟೆ ಕೇಬಲ್ಲು ಗುಜರಿಯಲ್ಲಿ ಸಿಕ್ಕರೆ ಎತ್ತಿಟ್ಟುಕೊಳ್ಳಿ. ಅದರ 40 ತೂತಿನ ಕನೆಕ್ಟರಿನಲ್ಲಿ ತೂತಿನಿಂದ ತೂತಿಗೆ 2.54 ಮಿಲಿಮೀಟರು, ಅಂದರೆ ಅಂಗುಲದ ಹತ್ತನೆಯ ಒಂದು ಭಾಗ. ಹವ್ಯಾಸಿ ಬೋರ್ಡುಗಳ ಪಿನ್ನಿಗೂ ಇದೇ ಅಳತೆ. 40 ಎಳೆಗಳ ಕೇಬಲ್ಲನ್ನೇ ಆರಿಸಬೇಕು. 80 ಎಳೆಗಳದ್ದರಲ್ಲಿ ಕೆಲವು ತೂತುಗಳು ಒಳಗೇ ಒಂದಕ್ಕೊಂದು ಕೂಡಿರುತ್ತವೆ. ಅಂಚಿನಲ್ಲಿ ಬಣ್ಣದ ಗೆರೆಯಿರುವ ಎಳೆ ಒಂದನೆಯ ಪಿನ್ನಿನದು. ಪಕ್ಕಪಕ್ಕದ ಎಳೆಗಳು ಎದುರುಬದುರು ಸಾಲಿಗೆ ಹೋಗುವುದರಿಂದ, ಬೆಸುಗೆಗೆ ಮುನ್ನ ಒಂದೊಂದನ್ನೂ ಮೀಟರಿನಿಂದ ನೋಡಬೇಕು. ತಿರುಗುಮುರುಗಾಗಿ ಚುಚ್ಚಿದರೆ ಬೋರ್ಡು ಸುಟ್ಟೀತು, ಗುರುತು ಹಾಕಿಡಿ.

2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಬೋರ್ಡಿನಲ್ಲಿ ಮಾತ್ರ 7 ಮತ್ತು 8ನೆಯ ಪಿನ್ನುಗಳ ನಡುವೆ 4.06 ಮಿಲಿಮೀಟರು ಅಂತರವಿದೆ. ಅದರ ಮೇಲೆ ಕೂರಿಸುವ ಚುಕ್ಕಿ ಬೋರ್ಡಿನ ಪಿನ್ನುಗಳನ್ನು ಆ ಭಾಗದಲ್ಲಿ ಇಕ್ಕುಳದಿಂದ ತುಸು ಬಾಗಿಸಿದರೆ ಕೂರುತ್ತವೆ.

ಇದೆಲ್ಲ 5 ವೋಲ್ಟಿನ ಸುದ್ದಿ ಒಯ್ಯುವ ತಂತಿಗಳಿಗಷ್ಟೇ. ಪಂಪಿನ ಕರೆಂಟು ಇಂತಹ ಕನೆಕ್ಟರಿನಲ್ಲಿ ಎಂದೂ ಹರಿಯಕೂಡದು. ಆ ಕೆಲಸ ಎಲೆಕ್ಟ್ರಿಶಿಯನ್ನರಿಗೆ ಬಿಡಿ.

ಮಳೆಗಾಲದ ತೇವಕ್ಕೂ ಬೋರ್ಡೋ ದ್ರಾವಣದ ತುಂತುರಿಗೂ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಬೋರ್ಡನ್ನು ಮುಚ್ಚಳವುಳ್ಳ ಪೆಟ್ಟಿಗೆಯಲ್ಲಿಟ್ಟು, ತಂತಿಗಳನ್ನು ಅಡಿಯಿಂದ ಒಳಗೆ ತನ್ನಿ.

ಎಷ್ಟೇ ಜಾಗ್ರತೆ ವಹಿಸಿದರೂ ಜೋಡಣೆ ಒಂದು ದಿನ ಬಿಟ್ಟೀತು. ಆದುದರಿಂದ ಮುಖ್ಯ ಮಾತೊಂದಿದೆ. ನಮ್ಮ ಫ್ಲೋಟ್ ಸ್ವಿಚ್ಚು ತೊಟ್ಟಿ ತುಂಬಿದಾಗ ಕೂಡಿಕೊಳ್ಳುವಂತಿತ್ತು. ಈಗ ಅದನ್ನು ತಿರುಗಿಸಿದ್ದೇವೆ: ನೀರು ಕಡಿಮೆಯಿದ್ದಾಗ ಕೂಡಿರುತ್ತದೆ, ತುಂಬಿದಾಗ ಬಿಡುತ್ತದೆ. ತಂತಿ ಕಳಚಿದರೂ ಬೋರ್ಡು ತೊಟ್ಟಿ ತುಂಬಿತೆಂದೇ ತಿಳಿದು ಪಂಪನ್ನು ನಿಲ್ಲಿಸುತ್ತದೆ.

ಒಂದು ದಿನ ನೀರು ತಪ್ಪಿದರೆ ತೋಟ ತಾಳಿಕೊಂಡೀತು. ಸುಟ್ಟ ಪಂಪಿನ ಖರ್ಚನ್ನು ನಮ್ಮ ಕಿಸೆ ತಾಳದು.