ನಿಗದಿತ ಬ್ಯಾಕಪ್ ವಿಧಗಳು

ಬ್ಯಾಕಪ್ ಎಂದರೆ ಗಣಕಯಂತ್ರದಲ್ಲಿರುವ ದತ್ತಾಂಶದ ಪ್ರತಿಯನ್ನು ಬೇರೊಂದು ಸಂಗ್ರಹ ಸಾಧನದಲ್ಲಿ ಕಾಪಾಡಿಟ್ಟು, ಮೂಲವು ನಷ್ಟವಾದಾಗ ಅದರಿಂದ ಮರುಪಡೆಯುವ ವ್ಯವಸ್ಥೆ. ಗೊತ್ತುಪಡಿಸಿದ ವೇಳೆಗೆ ತಂತ್ರಾಂಶವೇ ಈ ಕಾರ್ಯವನ್ನು ನಡೆಸಿದರೆ ಅದನ್ನು ನಿಗದಿತ ಬ್ಯಾಕಪ್ ಎನ್ನುತ್ತಾರೆ.

ಮುಖ್ಯ ವಿಧಗಳು

ಪೂರ್ಣ ಬ್ಯಾಕಪ್: ಆಯ್ದ ಎಲ್ಲ ಕಡತಗಳನ್ನೂ ಪ್ರತಿ ಬಾರಿ ನಕಲಿಸಲಾಗುತ್ತದೆ. ಮರುಪಡೆಯುವುದು ಸುಲಭ, ಆದರೆ ಸಮಯ ಮತ್ತು ಸ್ಥಳ ಹೆಚ್ಚು ಬೇಕು.

ಇನ್‌ಕ್ರಿಮೆಂಟಲ್ ಬ್ಯಾಕಪ್: ಹಿಂದಿನ ಯಾವುದೇ ಬ್ಯಾಕಪ್‌ನ ನಂತರ ಬದಲಾದುದನ್ನು ಮಾತ್ರ ನಕಲಿಸಲಾಗುತ್ತದೆ.

ಡಿಫರೆನ್ಷಿಯಲ್ ಬ್ಯಾಕಪ್: ಕೊನೆಯ ಪೂರ್ಣ ಬ್ಯಾಕಪ್‌ನ ನಂತರ ಬದಲಾದ ಎಲ್ಲವನ್ನೂ ನಕಲಿಸಲಾಗುತ್ತದೆ.

ಹೋಲಿಕೆ

ಭಾನುವಾರ 100 ಜಿಬಿ ದತ್ತಾಂಶದ ಪೂರ್ಣ ಬ್ಯಾಕಪ್ ಆಗಿ, ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ 5 ಜಿಬಿ ಹೊಸ ದತ್ತಾಂಶ ಸೇರುತ್ತದೆ ಎಂದಿಟ್ಟುಕೊಳ್ಳಬಹುದು. ವಾರದ ಕೊನೆಗೆ ಇನ್‌ಕ್ರಿಮೆಂಟಲ್ ಕ್ರಮಕ್ಕೆ ಒಟ್ಟು 130 ಜಿಬಿ, ಡಿಫರೆನ್ಷಿಯಲ್ ಕ್ರಮಕ್ಕೆ 205 ಜಿಬಿ ಸ್ಥಳ ಬೇಕಾಗುತ್ತದೆ. ಶನಿವಾರದ ಸ್ಥಿತಿಯನ್ನು ಮರುಪಡೆಯಲು ಮೊದಲನೆಯದರಲ್ಲಿ 7 ಪ್ರತಿಗಳೂ ಸುಸ್ಥಿತಿಯಲ್ಲಿರಬೇಕು; ನಡುವಿನ ಒಂದು ಕೆಟ್ಟರೆ ಅದರ ಮುಂದಿನವು ನಿಷ್ಪ್ರಯೋಜಕವಾಗಬಹುದು. ಎರಡನೆಯದರಲ್ಲಿ ಭಾನುವಾರದ ಮತ್ತು ಶನಿವಾರದ 2 ಪ್ರತಿಗಳು ಸಾಕು.

ಆಯ್ಕೆ

ಎಷ್ಟು ಅವಧಿಯ ದತ್ತಾಂಶ ಕಳೆದರೆ ಸಹಿಸಬಹುದು, ಎಷ್ಟು ಬೇಗ ಮರುಪಡೆಯಬೇಕು ಎಂಬ ಎರಡು ಪ್ರಶ್ನೆಗಳು ಆಯ್ಕೆಯನ್ನು ನಿರ್ಧರಿಸುತ್ತವೆ. ರಬಕವಿ-ಬನಹಟ್ಟಿಯಂತಹ ನೇಕಾರಿಕೆಯ ಊರಿನ ಸಣ್ಣ ಅಂಗಡಿಯ ಲೆಕ್ಕಪತ್ರಕ್ಕೆ ವಾರಕ್ಕೊಮ್ಮೆ ಪೂರ್ಣ, ಪ್ರತಿದಿನ ಡಿಫರೆನ್ಷಿಯಲ್ ಬ್ಯಾಕಪ್ ಸಾಕಾಗಬಹುದು. ಮುಧೋಳ, ಜಮಖಂಡಿ ಭಾಗದಂತಹ ಕಬ್ಬಿನ ಸೀಮೆಯಲ್ಲಿ ನುರಿಸುವ ಹಂಗಾಮಿನ ತೂಕದ ದಾಖಲೆಗಳು ಹಗಲಿರುಳು ಬೆಳೆಯುತ್ತವೆ. ರಾತ್ರಿಯ ಬ್ಯಾಕಪ್ ಒಂದನ್ನೇ ನಂಬಿದರೆ ಸಂಜೆ ಯಂತ್ರ ಕೆಟ್ಟಾಗ ಇಡೀ ದಿನದ ತೂಕದ ಲೆಕ್ಕ ಕಳೆದುಹೋಗುತ್ತದೆ. ಅಲ್ಲಿ ಗಂಟೆಗೊಮ್ಮೆ ನಡೆಯುವ ಇನ್‌ಕ್ರಿಮೆಂಟಲ್ ಬ್ಯಾಕಪ್ ಸೂಕ್ತ.

ಪ್ರತಿಯನ್ನು ಇರಿಸುವ ಸ್ಥಳ

ವಿಧ ಯಾವುದಾದರೂ, ಮೂಲ ಮತ್ತು ಪ್ರತಿ ಒಂದೇ ಕೋಣೆಯಲ್ಲಿದ್ದರೆ ಎರಡೂ ಒಟ್ಟಿಗೆ ನಾಶವಾಗಬಹುದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳ ಪ್ರವಾಹವು ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲ್ಲೂಕುಗಳ ನದಿತೀರದ ಊರುಗಳಿಗೆ ನುಗ್ಗಿತ್ತು. ಆಲಮಟ್ಟಿ ಜಲಾಶಯದ ಹಿನ್ನೀರು ಬೀಳಗಿ ತಾಲ್ಲೂಕನ್ನೂ ತಲುಪುತ್ತದೆ. ಇಂತಹ ಪ್ರದೇಶಗಳಿಗೆ 3-2-1 ನಿಯಮ ಉಪಯುಕ್ತ: ಮೂಲವೂ ಸೇರಿ 3 ಪ್ರತಿಗಳು, 2 ಬಗೆಯ ಸಾಧನಗಳು, 1 ಪ್ರತಿ ಬೇರೆ ಸ್ಥಳದಲ್ಲಿ. ಆ ಸ್ಥಳವು ಅದೇ ನದಿಯ ನೆರೆಗೆ ಸಿಲುಕದಂತಿರಬೇಕು. ದೂರದ ಊರು ಅಥವಾ ಕ್ಲೌಡ್ ಸಂಗ್ರಹಣೆ ಇದಕ್ಕೆ ಸೂಕ್ತ.

ಮರುಪಡೆಯುವ ಪರೀಕ್ಷೆ

ಬ್ಯಾಕಪ್ ಮುಗಿಯಿತೆಂಬ ಸಂದೇಶ ಬಂದಮಾತ್ರಕ್ಕೆ ಪ್ರತಿ ಸರಿಯಾಗಿದೆ ಎಂದರ್ಥವಲ್ಲ. ಆಗಾಗ ಕೆಲವು ಕಡತಗಳನ್ನು ಬೇರೊಂದು ಯಂತ್ರದಲ್ಲಿ ಮರುಪಡೆದು ತೆರೆದು ನೋಡುವುದರಿಂದ ದೋಷಗಳು ಮುಂಚಿತವಾಗಿ ತಿಳಿಯುತ್ತವೆ.