ದೂರವಾಣಿ ಕಂಪೆನಿಗಳ ‘ರಿಯಾಯಿತಿ’

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಿರುವ ಕನ್ನಡಿಗರ ಸಂಖ್ಯೆ ಈಗ ಅಲ್ಪವಲ್ಲ. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳೂ ಮೊಮ್ಮಕ್ಕಳೂ ಅಲ್ಲಿ ಸಂಸಾರ ಹೂಡಿರುವರು. ಆದಕಾರಣ ಆ ದೇಶದ ಮನೆವಾರ್ತೆಯ ಒಂದು ಸಣ್ಣ ಸಂಗತಿಯನ್ನು ಇಲ್ಲಿ ವಿಚಾರಿಸುವುದು ಅಪ್ರಸ್ತುತವಾಗಲಾರದು. ದೂರವಾಣಿಯ ತಿಂಗಳ ಬಿಲ್ಲನ್ನು ಕ್ರೆಡಿಟ್ ಕಾರ್ಡಿನ ಮೂಲಕ ಸಲ್ಲಿಸುವವರಿಗೆ ಅಲ್ಲಿಯ ದೊಡ್ಡ ಕಂಪೆನಿಗಳು ‘ಆಟೋಪೇ’ ರಿಯಾಯಿತಿಯನ್ನು ನಿಲ್ಲಿಸಿರುವುದೇ ಆ ಸಂಗತಿ.

ಗಿರಾಕಿಯು ಒಮ್ಮೆ ಒಪ್ಪಿಗೆ ಕೊಟ್ಟರೆ ತಿಂಗಳು ತಿಂಗಳೂ ಹಣವು ತಾನಾಗಿಯೇ ಕಂಪೆನಿಗೆ ಸಂದಾಯವಾಗುವ ಏರ್ಪಾಟಿಗೆ ಆಟೋಪೇ ಎಂದು ಹೆಸರು. ಇದನ್ನು ಒಪ್ಪಿದವರಿಗೆ ಲೈನೊಂದಕ್ಕೆ 5 ಅಥವಾ 10 ಡಾಲರುಗಳ ಸೋಡಿ ದೊರೆಯುತ್ತಿದ್ದಿತು. 2023ರಲ್ಲಿ ಟಿ-ಮೊಬೈಲ್ ಕಂಪೆನಿಯು ಬ್ಯಾಂಕಿನ ಖಾತೆಯಿಂದ ಅಥವಾ ಡೆಬಿಟ್ ಕಾರ್ಡಿನಿಂದ ಸಲ್ಲಿಸಿದವರಿಗೆ ಮಾತ್ರವೇ ಈ ಸೋಡಿಯೆಂದು ಕಟ್ಟು ಮಾಡಿತು. ಅದೇ ವರ್ಷ ಎಟಿ ಅಂಡ್ ಟಿ ಕಂಪೆನಿಯೂ ಅದೇ ದಾರಿ ಹಿಡಿಯಿತು. ವೆರೈಜನ್ ಕಂಪೆನಿಯು ಇವೆರಡಕ್ಕಿಂತ ಮೊದಲೇ ಈ ನಿಯಮವನ್ನು ತಂದು, ತನ್ನ ಹೆಸರನ್ನೇ ಹೊತ್ತ ವೀಸಾ ಕ್ರೆಡಿಟ್ ಕಾರ್ಡಿಗೆ ಮಾತ್ರ ವಿನಾಯಿತಿಯನ್ನಿತ್ತಿತು. ಪರರ ಕಾರ್ಡು ನಿಷಿದ್ಧ, ತನ್ನ ಕಾರ್ಡು ಗ್ರಾಹ್ಯ!

ಕ್ರೆಡಿಟ್ ಕಾರ್ಡಿನ ದಸ್ತೂರಿಯು ವ್ಯಾಪಾರಿಗೆ ಭಾರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ ಎರಡರ ಆಸುಪಾಸಿನಲ್ಲಿರುವುದು. ಡೆಬಿಟ್ ಕಾರ್ಡಿನ ದಸ್ತೂರಿಗಾದರೋ, 2010ರ ಡಾಡ್-ಫ್ರಾಂಕ್ ಕಾಯಿದೆಯ ಮೇರೆಗೆ, ದೊಡ್ಡ ಬ್ಯಾಂಕುಗಳ ಮಟ್ಟಿಗೆ 2011ರಲ್ಲಿ 21 ಸೆಂಟು ಮತ್ತು ಮೊಬಲಗಿನ ನೂರಕ್ಕೆ 0.05ರಷ್ಟು ಎಂಬ ಮಿತಿಯನ್ನು ವಿಧಿಸಲಾಯಿತು. ವಂಚನೆಯ ತಡೆಗೆಂದು ಇನ್ನೊಂದು ಸೆಂಟಿಗೆ ಅವಕಾಶವಿತ್ತರು. ಈಗ ನಾಲ್ಕು ಲೈನುಗಳುಳ್ಳ ಒಂದು ಕುಟುಂಬದ ಬಿಲ್ಲು 200 ಡಾಲರು ಎಂದಿಟ್ಟುಕೊಳ್ಳೋಣ. ಕ್ರೆಡಿಟ್ ಕಾರ್ಡಿನಿಂದ ಕಂಪೆನಿಗೆ ತಗಲುವ ವೆಚ್ಚ ಸುಮಾರು 4 ಡಾಲರು. ಡೆಬಿಟ್ ಕಾರ್ಡಿನಿಂದ 30 ಸೆಂಟುಗಳಿಗೆ ತುಸು ಹೆಚ್ಚು. ಆದರೆ ಲೈನಿಗೆ 10ರಂತೆ ಗಿರಾಕಿಯು ಕಳೆದುಕೊಳ್ಳುವುದು ತಿಂಗಳಿಗೆ 40 ಡಾಲರು, ವರ್ಷಕ್ಕೆ 480! ನಾಲ್ಕು ಡಾಲರನ್ನು ಉಳಿಸಿಕೊಳ್ಳುವುದಕ್ಕಾಗಿ ನಲವತ್ತನ್ನು ಬಿಟ್ಟುಕೊಡುವ ವ್ಯಾಪಾರಿಯನ್ನು ನಾವಂತೂ ಕಂಡಿಲ್ಲ. ಬಾಕಿ ನಿಲ್ಲದೆ ಹಣ ಬರುವುದೂ, ಗಿರಾಕಿ ಬೇರೆ ಕಡೆಗೆ ಹೋಗದಿರುವುದೂ ಲಾಭವೇ ಸರಿ. ಅದನ್ನು ಸೇರಿಸಿದರೂ ಲೆಕ್ಕ ಕೂಡುವುದಿಲ್ಲ. ಈ ನಲವತ್ತು ಡಾಲರು ಮೊದಲೇ ಬೆಲೆಯಲ್ಲಿ ಸೇರಿರುವುದೆಂದೇ ಹೇಳಬೇಕಾಗಿದೆ. ಕಂಪೆನಿಗಳ ಜಾಹೀರಾತುಗಳಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಸೋಡಿಯನ್ನು ಕಳೆದ ಬೆಲೆ. ‘ಆಟೋಪೇ ಇದ್ದಲ್ಲಿ’ ಎಂಬ ಷರತ್ತು ಅದರ ಕೆಳಗೆ ಚಿಕ್ಕಕ್ಷರದಲ್ಲಿ ಅಡಗಿರುವುದು. ಆದ್ದರಿಂದ ಕಾರ್ಡಿನವನು ತೆರುವುದು ದಂಡವನ್ನೇ, ಅದಕ್ಕೆ ಹೆಸರು ಮಾತ್ರ ಬೇರೆ.

ಈ ಹೆಸರಿನ ಚಮತ್ಕಾರವು ಆ ದೇಶದಲ್ಲಿ ಹೊಸದಲ್ಲ. 1976ರಿಂದ 1984ರ ವರೆಗೆ ಕಾರ್ಡಿನವರ ಮೇಲೆ ಹೆಚ್ಚುವರಿ ಹಾಕುವುದನ್ನು ಅಲ್ಲಿಯ ಕಾಯಿದೆ ನಿಷೇಧಿಸಿದ್ದಿತು. ನಗದು ಕೊಟ್ಟವರಿಗೆ ಸೋಡಿ ಕೊಡುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ನ್ಯೂಯಾರ್ಕ್ ಸಂಸ್ಥಾನದ ಇಂಥದೇ ಕಾಯಿದೆಯ ವಿಷಯದಲ್ಲಿ ಒಂದು ಕ್ಷೌರದ ಅಂಗಡಿಯವರು ಸುಪ್ರೀಮ್ ಕೋರ್ಟಿನ ವರೆಗೆ ಹೋದರು. ಬೆಲೆಯನ್ನು ಯಾವ ಮಾತಿನಲ್ಲಿ ತಿಳಿಸಬೇಕೆಂಬುದು ವಾಕ್ಸ್ವಾತಂತ್ರ್ಯದ ಪ್ರಶ್ನೆಯೆಂದು 2017ರಲ್ಲಿ ಆ ನ್ಯಾಯಸ್ಥಾನವು ಹೇಳಿತು. ಮೊಬಲಗು ಒಂದೇ, ಸೋಡಿ ತಪ್ಪಿತೆಂದರೆ ಜನರು ಸುಮ್ಮನಿರುವರು, ಹೆಚ್ಚುವರಿ ಹಾಕಿದರೆಂದರೆ ಸಿಟ್ಟಾಗುವರು.

ಹಣದ ಮಾತು ಹಾಗಿರಲಿ. ಇದಕ್ಕಿಂತಲೂ ನಮ್ಮ ಮನಸ್ಸನ್ನು ಕಲಕಿರುವುದು ಇನ್ನೊಂದು. 1974ರ ಕಾಯಿದೆಯೊಂದರ ಮೇರೆಗೆ ಕ್ರೆಡಿಟ್ ಕಾರ್ಡಿನ ಲೆಕ್ಕದಲ್ಲಿ ತಪ್ಪು ಕಂಡ ಗಿರಾಕಿಯು 60 ದಿನಗಳೊಳಗಾಗಿ ಬರೆದು ತಿಳಿಸಿದರೆ, ವಿಚಾರಣೆ ಮುಗಿಯುವ ವರೆಗೆ ಆ ವಿವಾದದ ಮೊಬಲಗನ್ನು ಕೊಡಬೇಕಾಗಿಲ್ಲ. ಹಣ ಅವನ ಕೈಯಲ್ಲಿಯೇ ಇರುವುದು. ಬೇಡುವ ಸರದಿ ಕಂಪೆನಿಯದು. ಬ್ಯಾಂಕಿನ ಖಾತೆಯಿಂದಲಾದರೆ ಹಣ ಮೊದಲು ಹೋಗಿಬಿಡುವುದು, ಬೇಡುವ ಸರದಿ ಗಿರಾಕಿಯದಾಗುವುದು. 1978ರ ಕಾಯಿದೆಯಲ್ಲಿ ಅವನಿಗೂ ರಕ್ಷಣೆಯುಂಟು. ಕಳವಾದ ಕಾರ್ಡಿನ ಸುದ್ದಿಯನ್ನು ಎರಡು ದಿನಗಳೊಳಗೆ ಮುಟ್ಟಿಸಿದರೆ ಹೊಣೆ 50 ಡಾಲರಿಗೆ ನಿಲ್ಲುವುದು, ತಡವಾದರೆ 500ಕ್ಕೆ ಏರುವುದು. ಕ್ರೆಡಿಟ್ ಕಾರ್ಡಿನಲ್ಲಿ ಆ ಏರಿಕೆಯೇ ಇಲ್ಲ. ಹೀಗಿರಲು, ಹೆಚ್ಚು ಭದ್ರವಾದ ಬಾಗಿಲನ್ನು ಬಿಟ್ಟು ಕಡಿಮೆ ಭದ್ರವಾದುದರಲ್ಲಿ ಬಾ ಎಂದು ಕರೆಯುವವರು ತಮ್ಮ ಕೋಠಿಯನ್ನು ಹೇಗೆ ಕಾದಿರುವರು? 2021ರಲ್ಲಿ ಟಿ-ಮೊಬೈಲಿನಿಂದ ಏಳೂವರೆ ಕೋಟಿಗೂ ಹೆಚ್ಚು ಜನರ ವಿವರಗಳು ಕಳವಾದುವು. ಮರುವರ್ಷ 35 ಕೋಟಿ ಡಾಲರಿಗೆ ಆ ವ್ಯಾಜ್ಯವನ್ನು ರಾಜಿ ಮಾಡಿಕೊಂಡರು. ಸುಮಾರು 7.3 ಕೋಟಿ ಜನರ ವಿವರ ಬಯಲಾದುದನ್ನು 2024ರಲ್ಲಿ ಎಟಿ ಅಂಡ್ ಟಿ ಒಪ್ಪಿಕೊಂಡಿತು. ಅವುಗಳಲ್ಲಿ ಬ್ಯಾಂಕಿನ ಖಾತೆಯ ಸಂಖ್ಯೆಗಳಿದ್ದುವೆಂದು ನಾವು ಹೇಳುತ್ತಿಲ್ಲ. ಕಂಡು ಕೇಳಿ ಆ ಸಂಖ್ಯೆಯನ್ನು ಒಪ್ಪಿಸಲು ಗಿರಾಕಿಯು ಹಿಂಜರಿದರೆ ಅದು ಅವನ ತಪ್ಪಲ್ಲವೆಂದಷ್ಟೇ ನಮ್ಮ ಮಾತು.

ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ಒಂದು ಕಟ್ಟಳೆಯನ್ನು ಜಾರಿಗೆ ತಂದಿತು. ಕಾರ್ಡಿನಿಂದ ತಾನಾಗಿ ಹಣ ಹೋಗುವ 24 ಗಂಟೆಗಳ ಮುಂಚೆ ಗಿರಾಕಿಗೆ ತಿಳಿವಳಿಕೆ ಕೊಡತಕ್ಕದ್ದು, ಬೇಡವೆಂದರೆ ನಿಲ್ಲಿಸತಕ್ಕದ್ದು ಎಂಬುದೇ ಅದರ ಸಾರ. ಆರಂಭದಲ್ಲಿ ಅನೇಕರ ಪಾವತಿಗಳು ತಪ್ಪಿಹೋಗಿ ಗೊಂದಲವಾಯಿತು, ನಿಜ. ಆದರೂ ಕೊಡುವವನ ಒಪ್ಪಿಗೆಯು ಒಮ್ಮೆಗೇ ಮುಗಿಯುವುದಿಲ್ಲವೆಂಬ ತತ್ತ್ವವನ್ನು ಅದು ಕಾಪಾಡಿತು. ಈ ವಿಷಯದಲ್ಲಿ ಭಾರತವು ಅಮೆರಿಕದಿಂದ ಪಾಠ ಕೇಳಬೇಕಾಗಿಲ್ಲ.

ಅಲ್ಲಿರುವ ನಮ್ಮವರು ವರ್ಷಕ್ಕೆ 480 ಡಾಲರನ್ನು ಹಟಕ್ಕಾಗಿ ಕಳೆದುಕೊಳ್ಳಲೆಂದು ನಾವು ಹೇಳಲಾರೆವು. ಕಾರ್ಡಿನವರು ಹಿಂದಿರುಗಿಸುವ ನೂರಕ್ಕೆ ಎರಡು ಈ ನಷ್ಟವನ್ನು ತುಂಬುವುದಿಲ್ಲ. ಆದರೆ ಸಂಬಳವೂ ಉಳಿತಾಯವೂ ಇರುವ ಖಾತೆಯ ಸಂಖ್ಯೆಯನ್ನು ಕಂಪೆನಿಗೆ ಕೊಡಬೇಕಾದುದಿಲ್ಲ. ಬೇರೊಂದು ಚಿಕ್ಕ ಖಾತೆಯನ್ನು ತೆರೆದು, ತಿಂಗಳ ಬಿಲ್ಲಿಗೆ ಸಾಲುವಷ್ಟನ್ನೇ ಅದರಲ್ಲಿಟ್ಟು, ಇರುವುದಕ್ಕಿಂತ ಹೆಚ್ಚು ಹಣ ಬಿಡಬಾರದೆಂದು ಬ್ಯಾಂಕಿಗೆ ಮೊದಲೇ ತಿಳಿಸಿಡಬಹುದು. ಬಿಲ್ಲಿನಲ್ಲಿ ತಪ್ಪು ಕಂಡರೆ, ಸಂದಾಯದ ದಿನಕ್ಕೆ ಮೂರು ಕೆಲಸದ ದಿನಗಳ ಮೊದಲು ಬ್ಯಾಂಕಿಗೆ ಹೇಳಿ ಆ ಪಾವತಿಯನ್ನು ತಡೆಯುವ ಹಕ್ಕೂ ಅವರಿಗುಂಟು. ಹೀಗೆ ತಡೆದ ತಿಂಗಳಿನಲ್ಲಿ ಸೋಡಿ ತಪ್ಪಿದರೂ ತಪ್ಪಬಹುದು.