ದೋಷವರದಿಯೂ ಭಾಷಾದತ್ತಾಂಶವೇ: ರಕಾರದ ಸಂಯುಕ್ತಾಕ್ಷರಗಳ ನಿದರ್ಶನ

ಸಾರಾಂಶ: ಮುಕ್ತ ತಂತ್ರಾಂಶಗಳಲ್ಲಿ ಕಂಡುಬರುವ ಲಿಪಿಸಂಬಂಧಿ ದೋಷಗಳನ್ನು ಅವುಗಳ ನಿರ್ವಾಹಕರಿಗೆ ತಿಳಿಸುವ ಕ್ರಮವನ್ನು ಈ ಟಿಪ್ಪಣಿ ವಿವರಿಸುತ್ತದೆ. ಕ್ಷೇತ್ರಭಾಷಾವಿಜ್ಞಾನದ ಶಿಸ್ತೇ ಉತ್ತಮ ದೋಷವರದಿಯ ಶಿಸ್ತೂ ಆಗಿದೆ ಎಂಬುದು ಇಲ್ಲಿನ ಪ್ರತಿಪಾದನೆ.

ಕೀಲಿಪದಗಳು: ದೋಷವರದಿ, ಯೂನಿಕೋಡ್, ಅರ್ಕಾವೊತ್ತು, ಲಿಪ್ಯಂಕನ

1. ಸಮಸ್ಯೆ

ಆಳಂದ ತಾಲ್ಲೂಕಿನ ಖಜೂರಿಯಂಥ ಗಡಿಭಾಗದ ಊರಿನ ಮಾತನ್ನು ಲಿಪ್ಯಂಕನ ಮಾಡುವವರು ಕನ್ನಡ ವಾಕ್ಯದೊಳಗೆ ಮರಾಠಿ ಪದಗಳನ್ನೂ ಬರೆದುಕೊಳ್ಳಬೇಕಾಗಬಹುದು. ಮರಾಠಿಯಲ್ಲಿ ‘ದರ್ಯಾ’ (ಸಮುದ್ರ) ಮತ್ತು ‘ದರ‍್ಯಾ’ (ಕಣಿವೆಗಳು) ಭಿನ್ನ ಪದಗಳು. ದೇವನಾಗರಿಯು ಮೊದಲನೆಯದಕ್ಕೆ ರೇಫವನ್ನೂ ಎರಡನೆಯದಕ್ಕೆ ರೆಪ್ಪೆಯಾಕಾರದ ಅರ್ಧ ರಕಾರವನ್ನೂ ಬಳಸುತ್ತದೆ. ಕನ್ನಡ ಲಿಪಿಯಲ್ಲಿ ಈ ಭೇದವನ್ನು ಅರ್ಕಾವೊತ್ತಿನಿಂದಲೂ ಪೂರ್ಣ ರಕಾರಕ್ಕೆ ಸೇರಿದ ಯಕಾರದ ಒತ್ತಿನಿಂದಲೂ ಉಳಿಸಿಕೊಳ್ಳಬಹುದು. ತಂತ್ರಾಂಶವು ಎರಡನ್ನೂ ಅರ್ಕಾವೊತ್ತಿನಿಂದಲೇ ತೋರಿಸಿದರೆ, ಲಿಪಿಕಾರರು ತೆರೆಯ ಮೇಲೆ ಸರಿಕಾಣುವ ಬೇರೊಂದು ಕಾಗುಣಿತಕ್ಕೆ ಮೊರೆಹೋಗುವ ಸಂಭವವಿದೆ. ಆಗ ತಂತ್ರಾಂಶದ ದೋಷವು ದತ್ತಾಂಶದೊಳಕ್ಕೆ ಇಳಿಯುತ್ತದೆ. ಮುಂದಿನ ಸಂಶೋಧಕರಿಗೆ ಅದು ಉಪಭಾಷೆಯ ಲಕ್ಷಣವಾಗಿಯೇ ತೋರಬಹುದು. ಆದಕಾರಣ ದೋಷವನ್ನು ವರದಿಮಾಡುವುದು ದತ್ತಾಂಶಶುದ್ಧಿಯ ಅಂಗವೆಂದು ನಾವು ಭಾವಿಸುತ್ತೇವೆ.

2. ನಿದರ್ಶನ

ಯೂನಿಕೋಡ್ ಶಿಷ್ಟತೆಯ ಪ್ರಕಾರ ಕನ್ನಡದಲ್ಲಿ ಅರ್ಕಾವೊತ್ತನ್ನು ತಡೆಯಲು ಶೂನ್ಯ ಅಗಲದ ಜೋಡಕವು ಹಲಂತಕ್ಕಿಂತ ಮೊದಲು ಬರಬೇಕು: ರ, ಜೋಡಕ, ಹಲಂತ, ಯ (ದಶಮಾನ ಸಂಕೇತಗಳಲ್ಲಿ 3248, 8205, 3277, 3247). ದೇವನಾಗರಿಯ ರೆಪ್ಪೆ ರಕಾರವನ್ನು ಜೋಡಕದಿಂದ ಪಡೆಯುವಾಗ ಕ್ರಮ ತಿರುವುಮುರುವು. ಅಲ್ಲಿ ಹಲಂತದ ಬಳಿಕ ಜೋಡಕ. ಕನ್ನಡದ ಹಳೆಯ ವಿದ್ಯುನ್ಮಾನ ಪಠ್ಯಗಳಲ್ಲಿಯೂ ಈ ತಿರುವುಮುರುವಾದ ಕ್ರಮ ಬಳಕೆಯಲ್ಲಿತ್ತು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಮೊದಲಾದವು ಅಕ್ಷರವಿನ್ಯಾಸಕ್ಕೆ ಬಳಸುವ ಹಾರ್ಫ್‌ಬಝ್ ಈಗ ಕನ್ನಡದ ಈ ಎರಡೂ ಕ್ರಮಗಳನ್ನು ಒಂದೇ ಎಂದು ಪರಿಗಣಿಸುತ್ತದೆ. ಅದರ ಮೂಲಸಂಕೇತದಲ್ಲಿ, ಕನ್ನಡದ ಹಳೆಯ ರೂಢಿಯೊಡನೆ ಹೊಂದಾಣಿಕೆಗಾಗಿ ಹೀಗೆ ಮಾಡಲಾಗಿದೆ ಎಂಬ ಟಿಪ್ಪಣಿಯ ಜತೆಗೆ 435ನೆಯ ದೋಷವರದಿಯ ಉಲ್ಲೇಖವಿದೆ. ಒಂದು ವರದಿ ಕೆಲವೇ ಸಾಲುಗಳ ತಿದ್ದುಪಡಿಯಾಗಿ, ಆ ತಂತ್ರಾಂಶವನ್ನು ಬಳಸುವ ಎಲ್ಲ ಕನ್ನಡ ಓದುಗರನ್ನು ತಲುಪುವ ಬಗೆ ಇದು.

3. ವರದಿಯ ಅಂಗಗಳು

ನಿರ್ವಾಹಕರು ಹಲವು ವೇಳೆ ಸ್ವಯಂಸೇವಕರು. ಕನ್ನಡ ಓದಬಲ್ಲವರೆಂದು ಊಹಿಸಲಾಗದು. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂಬ ವಾಕ್ಯದಿಂದ ಅವರಿಗೆ ಏನೂ ತಿಳಿಯದು. ವರದಿಯಲ್ಲಿ ಈ ಅಂಶಗಳಿರಬೇಕು.

(ಅ) ಸಂಕೇತಾನುಕ್ರಮ. ತೆರೆಚಿತ್ರವೊಂದೇ ಸಾಲದು; ಅದು ಉಚ್ಚಾರಣೆಯಿಲ್ಲದ ಅರ್ಥವಿವರಣೆಯಂತೆ. ಪದವನ್ನು ಪಠ್ಯರೂಪದಲ್ಲಿಯೂ ಬಿಡಿ ಸಂಕೇತಗಳಾಗಿಯೂ ಕೊಡಬೇಕು.

(ಆ) ಕನಿಷ್ಠ ಯುಗ್ಮ. ದೋಷ ತೋರುವ ಅತಿ ಚಿಕ್ಕ ಪದ, ಅದರ ಪಕ್ಕದಲ್ಲಿ ಒಂದೇ ಸಂಕೇತದಿಂದ ಭಿನ್ನವಾಗಿ ಸರಿಯಾಗಿ ತೋರುವ ಪದ. ಇಡೀ ಕಡತವನ್ನು ಲಗತ್ತಿಸುವುದು ಅನುಚಿತವೂ ಹೌದು: ದೋಷವರದಿಗಳು ಸಾಮಾನ್ಯವಾಗಿ ಸಾರ್ವಜನಿಕವಾಗಿರುತ್ತವೆ, ಮಾತುಗಾರರ ಸಮ್ಮತಿ ಅಷ್ಟು ದೂರ ಹೋಗಿರುವುದಿಲ್ಲ.

(ಇ) ಕಂಡದ್ದು ಮತ್ತು ನಿರೀಕ್ಷಿಸಿದ್ದು. ನಿರೀಕ್ಷೆಗೆ ಆಧಾರ ಬೇಕು. ಕನ್ನಡದಲ್ಲಿ ಈ ಎರಡು ರೂಪಗಳು ಬಹುಮಟ್ಟಿಗೆ ಲಿಪಿವಿಕಲ್ಪಗಳು, ಡಿ.ಎನ್. ಶಂಕರ ಬಟ್ಟರ ಹೊಸಬರಹದಲ್ಲಿ ‘ಅರ‍್ತ’ ಎಂಬ ರೂಪ ಉದ್ದೇಶಪೂರ್ವಕ ಆಯ್ಕೆ. ಮರಾಠಿ ಪದಗಳಲ್ಲಿ ಭೇದವು ಅರ್ಥಭೇದಕ. ಯಾವ ಸಂದರ್ಭವೆಂಬುದನ್ನು ಹೇಳದಿದ್ದರೆ ಅಪೇಕ್ಷಿತ ರೂಪ ಯಾವುದೆಂದು ನಿರ್ವಾಹಕರಿಗೆ ತಿಳಿಯಲಾರದು.

(ಈ) ಪರಿಸರ. ತಂತ್ರಾಂಶ, ಕಾರ್ಯಾಚರಣ ವ್ಯವಸ್ಥೆ ಮತ್ತು ಫಾಂಟ್‌ಗಳ ಹೆಸರು, ಆವೃತ್ತಿ.

ಕಾರಣದ ಕುರಿತ ಊಹೆಯಿದ್ದರೆ ಅದನ್ನು ಅವಲೋಕನದಿಂದ ಬೇರ್ಪಡಿಸಿ, ಊಹೆಯೆಂದೇ ನಮೂದಿಸಬೇಕು. ಒಂದು ವರದಿಗೆ ಒಂದೇ ದೋಷ. ಅದಕ್ಕೂ ಮೊದಲು ಹಿಂದಿನ ವರದಿಗಳ ಶೋಧ.

4. ಪದರಗಳ ವಿವೇಚನೆ

ವರದಿ ಯಾರಿಗೆ ಸಲ್ಲಬೇಕೆಂಬುದು ದೋಷ ಯಾವ ಪದರದಲ್ಲಿದೆ ಎಂಬುದನ್ನು ಅವಲಂಬಿಸಿದೆ: ಕೀಲಿಮಣೆ ವಿನ್ಯಾಸ, ಸಂಗ್ರಹಿತ ಪಠ್ಯ, ಅಕ್ಷರವಿನ್ಯಾಸ, ಫಾಂಟ್ ಅಥವಾ ಎಲಾನ್, ಪ್ರಾಟ್‌ಗಳಂಥ ಬಳಕೆಯ ತಂತ್ರಾಂಶ. ಫಾಂಟ್ ಬದಲಿಸಿದೊಡನೆ ದೋಷ ಮಾಯವಾದರೆ ಫಾಂಟನ್ನು ಶಂಕಿಸಬೇಕು. ಅದೇ ಫಾಂಟ್ ಬೇರೆ ತಂತ್ರಾಂಶದಲ್ಲಿ ಸರಿಯಿದ್ದರೆ ಮೊದಲ ತಂತ್ರಾಂಶವನ್ನು ಅಥವಾ ಅದು ಬಳಸುವ ಅಕ್ಷರವಿನ್ಯಾಸ ಘಟಕವನ್ನು.

ಮೇಲಿನ ನಿದರ್ಶನ ಇಲ್ಲಿ ಇನ್ನೊಂದು ಎಚ್ಚರಿಕೆ ನೀಡುತ್ತದೆ. ಹಾರ್ಫ್‌ಬಝ್‌ನ ತಿದ್ದುಪಡಿ ತೋರಿಕೆಯನ್ನಷ್ಟೇ ಏಕರೂಪಗೊಳಿಸುತ್ತದೆ. ಪಠ್ಯದಲ್ಲಿ ಎರಡು ಅನುಕ್ರಮಗಳು ಹಾಗೆಯೇ ಉಳಿಯುತ್ತವೆ. ಯೂನಿಕೋಡ್‌ನ ಪ್ರಮಾಣಿತ ಸಾಮಾನ್ಯೀಕರಣವೂ ಅವನ್ನು ಒಂದುಗೂಡಿಸುವುದಿಲ್ಲ. ಕಣ್ಣಿಗೆ ಒಂದೇ ಆಗಿ ಕಾಣುವ ‘ರ‍್ಯಾಂಕ್’ ಎಂಬ ಪದವನ್ನು ಪಠ್ಯಕೋಶದ ಎಣಿಕೆ ಎರಡು ಪದಗಳಾಗಿ ಪರಿಗಣಿಸಬಹುದು. ಇದನ್ನು ಹಾರ್ಫ್‌ಬಝ್‌ಗೆ ದೂರುವುದು ಸಲ್ಲದು. ಪಠ್ಯಕೋಶದ ಸಂಪಾದಕರೇ ಒಂದು ಅನುಕ್ರಮವನ್ನು ಆರಿಸಿ, ಆ ಆಯ್ಕೆಯನ್ನು ದಾಖಲಿಸಬೇಕು.

ಲಿಪಿಯನ್ನೂ ಭಾಷೆಯನ್ನೂ ಬಲ್ಲವರು ವರದಿಮಾಡದ ದೋಷವನ್ನು, ಅವೆರಡನ್ನೂ ಅರಿಯದ ನಿರ್ವಾಹಕರು ತಾವಾಗಿ ಕಂಡುಕೊಳ್ಳುವುದು ಕಷ್ಟ. ಕ್ಷೇತ್ರಕಾರ್ಯದ ತರಬೇತಿಯಲ್ಲಿ ಧ್ವನಿಮುದ್ರಣಕ್ಕೂ ಲಿಪ್ಯಂಕನಕ್ಕೂ ಇರುವ ಸ್ಥಾನ ದೋಷವರದಿಗೂ ದೊರೆಯಬೇಕು.